ಕೆರೆ ಏರಿಯಿಂದ ಶುರು ಮಾಡಿಸಿ

ಪ್ರಶ್ನೆ: ನಾನು ಕೋಲಾರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿ ಮಕ್ಕಳ ಕೈಲಿ ಊರಿನ ಚರಿತ್ರೆಯ ಡಿಜಿಟಲ್ ನಕ್ಷೆ ಮಾಡಿಸುವ ಆಸೆ ಇದೆ. ಆದರೆ ನಮ್ಮೂರಲ್ಲಿ ಕೋಟೆಯೂ ಇಲ್ಲ, ಹೆಸರಾದ ಗುಡಿಯೂ ಇಲ್ಲ. ಏನು ಗುರುತು ಹಾಕಿಸಲಿ?

ಉತ್ತರ: ಮೇಡಂ, ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಸ್ಥಾನ ಆಗಲೇ ಎಲ್ಲರ ಮೊಬೈಲ್ ಮ್ಯಾಪಿನಲ್ಲೂ ಇವೆ. ನಿಮ್ಮೂರ ಕೆರೆಯ ತೂಬು, ಅಂದರೆ ಗದ್ದೆಗೆ ನೀರು ಬಿಡುವ ಕಿಂಡಿ, ಯಾವ ಮ್ಯಾಪಿನಲ್ಲಿದೆ ಹೇಳಿ? ನಾನು ಸರ್ವೆ ಇಲಾಖೆಯಲ್ಲಿದ್ದವನು. 33 ಅಡಿ ಚೈನು ಹಿಡಿದು ಈ ಕಡೆಯ ಹೊಲಗದ್ದೆಯೆಲ್ಲ ಸುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಊರಿನ ಕಥೆ ಕೆರೆ ಬಿಟ್ಟು ಇಲ್ಲ. ಏರಿ, ತೂಬು, ಕೋಡಿ (ತುಂಬಿದ ನೀರು ಹೊರಗೆ ಹರಿಯುವ ಜಾಗ), ಕಾಲುವೆ, ಗುಂಡುತೋಪು (ಊರಿನ ಸಾರ್ವಜನಿಕ ಮರಗಳ ತೋಪು): ಮೊದಲು ಇವನ್ನೇ ಹಾಕಿಸಿ.

ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದುಕೊಳ್ಳಿ. ಅದರಲ್ಲಿ ಹಳೇ ಕಾಲುವೆ, ಬಂಡಿದಾರಿ ಕಾಣುತ್ತವೆ. ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದರೆ ಹಿಂದಿನ ವರ್ಷಗಳ ಉಪಗ್ರಹ ಚಿತ್ರವೂ ಇದೆ. ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬಂದಿದ್ದು 2018ರಲ್ಲಿ. ಅದಕ್ಕೆ ಮುಂಚೆ, ಆಮೇಲೆ ಎರಡನ್ನೂ ಮಕ್ಕಳಿಗೆ ತೋರಿಸಿ. ಅವರು ಹುಟ್ಟಿದ ಮೇಲಿನ ಚರಿತ್ರೆ ಅದು, ಅಲ್ವಾ?

ಏರಿ ಮೇಲೋ ಹುಣಸೆಮರದ ಬುಡದಲ್ಲೋ ವೀರಗಲ್ಲು ಸಿಕ್ಕರೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಿಸಿ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು. ಮೇಲೆ ಲಿಂಗದ ಮುಂದೆ ಅವನು. ಪಕ್ಕದಲ್ಲಿ ದನಗಳಿದ್ದರೆ, ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನ ಕಲ್ಲು ಇರಬೇಕು. ಫೋಟೋ ಬೆಳಗ್ಗೆ ಅಥವಾ ಸಂಜೆ ತೆಗೆಸಿ. ಓರೆ ಬಿಸಿಲಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಸುಣ್ಣ, ಚಾಕ್‌ಪೀಸು, ಎಣ್ಣೆ ಯಾವುದನ್ನೂ ಹಚ್ಚಬಾರದು. ಬಿ.ಎಲ್. ರೈಸ್ ಅವರು 1905ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದೇ. ತಾಲ್ಲೂಕುವಾರು ಇದೆ. ನಿಮ್ಮೂರ ಹೆಸರು ಹುಡುಕಿಸಿ. ಅದರಲ್ಲಿರುವ ಕಲ್ಲು ಈಗಲೂ ಅಲ್ಲೇ ಇದೆಯಾ ಅಂತ ಹೋಗಿ ನೋಡುವುದೇ ಒಳ್ಳೇ ಪಾಠ.

ಮೊಬೈಲಿನ ಜಿಪಿಎಸ್ ಬಯಲಲ್ಲೂ ನಾಲ್ಕೈದು ಮೀಟರ್ ಆಚೀಚೆ ಆಗಬಹುದು. ಆದ್ದರಿಂದ "ತೂಬಿನಿಂದ ಇಷ್ಟು ಹೆಜ್ಜೆ" ಅಂತಲೂ ಬರೆಸಿ. ಫೋಟೋ, ಅಕ್ಷಾಂಶ, ರೇಖಾಂಶ ಮೊಬೈಲಿನಲ್ಲಿ. ನಕ್ಷೆ ಜೋಡಿಸುವುದು ಕಂಪ್ಯೂಟರಿನಲ್ಲಿ, ಗೂಗಲ್ ಮೈ ಮ್ಯಾಪ್ಸ್ ಸಾಕು.

ಒಂದು ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಪ್ರತಿ ಗುರುತಿನ ಕೆಳಗೆ "ಹೇಗೆ ಗೊತ್ತಾಯಿತು" ಅನ್ನುವ ಸಾಲು ಇರಲೇಬೇಕು. ಕಲ್ಲಿನಲ್ಲಿದೆ, ದಾಖಲೆಯಲ್ಲಿದೆ, ಇಲ್ಲವೇ ಕೆರೆ ನೀರು ಹಂಚುವ ನೀರಗಂಟಿ ತಾತ ಹೇಳಿದರು. ತಾತ ತೆಲುಗಿನಲ್ಲಿ ಹೇಳಿದ್ದನ್ನು ಹಾಗೇ ರೆಕಾರ್ಡ್ ಮಾಡಲಿ, ಅವರ ಒಪ್ಪಿಗೆ ಕೇಳಿ. ಸುಮ್ನೆ "ಸಾವಿರ ವರ್ಷ ಹಳೇದು" ಅಂತ ಬರೆಯಲು ಬಿಡಬೇಡಿ.

ಇನ್ನೊಂದು. ನಿಧಿ ಆಸೆಗೆ ಹಳೇ ಕಲ್ಲು ಕಿತ್ತು ಒಡೆಯುವವರು ಇದ್ದಾರೆ. ಒಂಟಿ ಹೊಲದಲ್ಲಿರುವ ಕಲ್ಲಿನ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಆ ನಕ್ಷೆ ಶಾಲೆಯಲ್ಲಿರಲಿ, ಒಂದು ಪ್ರತಿ ಪಂಚಾಯಿತಿಗೆ ಕೊಡಿ.