ಮೇಕೆಗೆ ಹತ್ತೋಕೆ ಕಟ್ಟೆ ಬೇಕಾ, ಫಾಗರ್ ಬೇಕಾ?

ಪ್ರಶ್ನೆ: ಹೆಸರಘಟ್ಟದ ಹತ್ತಿರ ಮನೆ ಹಿಂದೆ ಐದು ಹಾಲಿನ ಮೇಕೆ ಸಾಕಿದ್ದೇನೆ. ಸಿಮೆಂಟ್ ಶೀಟಿನ ಶೆಡ್. ಮಾರ್ಚ್ ಬಂತೆಂದರೆ ಮಧ್ಯಾಹ್ನ ಏದುಸಿರು ಬಿಡುತ್ತವೆ, ಹಾಲು ಇಳಿಯುತ್ತದೆ, ಗೇಟಿನ ಮರ ಕಡಿಯುತ್ತವೆ, ಒಂದಕ್ಕೊಂದು ಗುದ್ದಾಡುತ್ತವೆ. ಹತ್ತೋಕೆ ಕಟ್ಟೆ, ಮೈ ಉಜ್ಜೋಕೆ ಬ್ರಷ್ ಹಾಕಿ ಅಂತಾರೆ ಯೂಟ್ಯೂಬಿನಲ್ಲಿ. ಇದೆಲ್ಲ ಶೋಕಿ ಅಲ್ವಾ? ಆ ದುಡ್ಡಲ್ಲಿ ನೀರನ್ನು ಮಂಜಿನಂತೆ ಸಿಂಪಡಿಸುವ ಫಾಗರ್ ಹಾಕಿಸಲಾ?

ಉತ್ತರ: ಶೋಕಿ ಅಲ್ಲ. ಬಿಸಿಲಲ್ಲಿ ಕಟ್ಟಿದರೆ ಮಾತ್ರ ಶೋಕಿ. ಕಾದ ಕಲ್ಲಿನ ಮೇಲೆ ಯಾವ ಮೇಕೆಯೂ ಹತ್ತುವುದಿಲ್ಲ.

ಮೊದಲು ಶೀಟ್ ನೋಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ಮುಟ್ಟಿತ್ತು. ಅಂಥ ದಿನ ತಗ್ಗಾದ ಶೀಟಿನ ಕೆಳಗೆ ನೀವೇ ಹತ್ತು ನಿಮಿಷ ನಿಲ್ಲಲಾರಿರಿ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಸಾಧ್ಯವಾದರೆ ಸುಣ್ಣ ಬಳಿಯಿರಿ, ಪಕ್ಕದ ಗೋಡೆ ಅರ್ಧಕ್ಕೆ ಇಳಿಸಿ ಗಾಳಿ ಬಿಡಿ. ಫಾಗರ್ ಬೇಡ. ಗಾಳಿಯಾಡದ ಶೆಡ್ಡಿನಲ್ಲಿ ಅದು ತೇವ ಹೆಚ್ಚಿಸುತ್ತದೆ, ನೆಲ ಒದ್ದೆಯಾಗಿ ಗೊರಸು ಕೊಳೆಯುತ್ತದೆ. ಆ ದುಡ್ಡಿಗೆ ಒಂದು ಫ್ಯಾನ್ ಬರುತ್ತದೆ.

ಈಗ ಗುದ್ದಾಟದ ವಿಷಯ. ನಿಮ್ಮ ಐದರಲ್ಲಿ ಒಂದು ಯಜಮಾನಿ ಇದ್ದೇ ಇರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಸುಮ್ನೆ ಕೂತು ನೋಡಿ: ತಂಪಾದ ಮೂಲೆಯೂ ಅದರದೇ, ನೀರಿನ ಬಕೆಟ್ಟೂ ಅದರದೇ. ಬಡಪಾಯಿ ಮೇಕೆ ಬಾಯಾರಿದ್ದರೂ ಹತ್ತಿರ ಹೋಗಲ್ಲ, ಹೋದರೆ ಪಕ್ಕೆಗೆ ಗುದ್ದು ಬೀಳುತ್ತದೆ. ಆದ್ದರಿಂದ ನೀರು, ಮೇವು, ನೆರಳು, ಕಟ್ಟೆ ಎಲ್ಲವೂ ಎರಡೆರಡು ಕಡೆ ಇರಲಿ, ಒಂದರಿಂದ ಇನ್ನೊಂದು ದೂರ ಇರಲಿ. ಒಂದೇ ಮೇಕೆ ಎರಡನ್ನೂ ಕಾಯಲು ಆಗಲ್ಲ. ನನ್ನ ಪ್ರಕಾರ ಕಟ್ಟೆಯ ದೊಡ್ಡ ಲಾಭವೂ ಇದೇ. ಸೋತ ಮೇಕೆಗೆ ಮೇಲೆ ಹತ್ತಿ ಕೂತು ನೆಮ್ಮದಿಯಾಗಿ ಮೆಲುಕು ಹಾಕೋಕೆ ಒಂದು ಜಾಗ. ಗುಜರಿಯಲ್ಲಿ ಸಿಗುವ ಕೇಬಲ್ ಸುತ್ತುವ ಮರದ ಚಕ್ರ ಸಾಕು, ಮೊಳೆ ಕಿತ್ತು, ಅಲ್ಲಾಡದಂತೆ ಹೂಳಿ. ಹಳೇ ಗಟ್ಟಿ ಪೊರಕೆಯನ್ನು ಕಂಬಕ್ಕೆ ಕಟ್ಟಿದರೆ ಅದೇ ಬ್ರಷ್.

ಮರ ಕಡಿಯುವುದಕ್ಕೆ ಖನಿಜದ ಕೊರತೆಯೂ ಕಾರಣ ಇರಬಹುದು, ಖನಿಜದ ಇಟ್ಟಿಗೆ ನೇತುಹಾಕಿ. ಆದರೆ ಬಹಳ ಸಲ ಅದಕ್ಕೆ ಬೇರೆ ಕೆಲಸವೇ ಇರುವುದಿಲ್ಲ. ಮೇಕೆ ತಲೆ ಎತ್ತಿ ಎಲೆ ಕೀಳುವ ಪ್ರಾಣಿ. ಹಲಸು, ಅಗಸೆ, ನುಗ್ಗೆ ಸೊಪ್ಪಿನ ಕಟ್ಟನ್ನು ಅದರ ತಲೆಗಿಂತ ಸ್ವಲ್ಪ ಮೇಲೆ ತೂಗುಹಾಕಿ. ದೊಡ್ಡಬಳ್ಳಾಪುರದ ಕಡೆಯಿಂದ ಹಲಸಿನ ಸೊಪ್ಪು ತರಿಸಬಹುದು. ರಸ್ತೆ ಬದಿಯಲ್ಲಿ ಕತ್ತರಿಸಿ ಹಾಕಿದ್ದನ್ನು ಮಾತ್ರ ತರಬೇಡಿ, ಅದರಲ್ಲಿ ಕಣಗಿಲೆ ಸೇರಿರಬಹುದು, ಅದು ವಿಷ. ಮುಖ್ಯ ಮೇವು ಬೆಳಗ್ಗೆ ಬೇಗ ಮತ್ತು ಸಂಜೆ ಕೊಡಿ. ಮೇವು ಜೀರ್ಣವಾಗುವಾಗಲೂ ಮೈಗೆ ಶಾಖ ಏರುತ್ತದೆ, ನಮ್ಮೂರ ರಾತ್ರಿ ಹೇಗೂ ತಂಪು.

ನೀರಿನಲ್ಲಿ ಒಂದು ಹಿಕ್ಕೆ ಬಿದ್ದರೂ ಮೇಕೆ ಮೂಸಿ ತಿರುಗಿ ಹೋಗುತ್ತದೆ. ಬಕೆಟ್ ಎತ್ತರದಲ್ಲಿಡಿ, ದಿನಕ್ಕೆ ಮೂರು ಸಲ ಬದಲಿಸಿ.

ಏದುಸಿರನ್ನು ಎಣಿಸಿ. ಪಕ್ಕೆ ನೋಡುತ್ತಾ 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 15ರಿಂದ 30 ಸಹಜ. ಬಾಯಿ ತೆರೆದು, ನಾಲಿಗೆ ಚಾಚಿ, ಜೊಲ್ಲು ಸುರಿಸುತ್ತಿದ್ದರೆ ಕಾಲು, ಹೊಟ್ಟೆಗೆ ನೀರು ಹಾಕಿ, ಫ್ಯಾನ್ ಮುಂದೆ ನಿಲ್ಲಿಸಿ, ತಕ್ಷಣ ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಪ್ರಶ್ನೆ: ಹಾಲು ಜಾಸ್ತಿ ಅಂತ ಸಾನೆನ್ ತಳಿ ತರೋಣ ಅಂತಿದ್ದೇನೆ. ಆನೇಕಲ್‌ನಲ್ಲಿ ತಡೆಯುತ್ತಾ?

ಉತ್ತರ: ಸ್ವಿಟ್ಜರ್ಲೆಂಡಿನ ತಳಿ ಅದು. ಬಿಳಿ ಕೂದಲು, ತೆಳು ಗುಲಾಬಿ ಚರ್ಮ, ಕೆಚ್ಚಲಿಗೆ ಬಿಸಿಲು ತಾಗಿದರೆ ಸುಡುತ್ತದೆ. ನೆರಳು ಗಟ್ಟಿ ಇದ್ದರೆ ಸಾಕಬಹುದು, ಆದರೆ ಖರ್ಚು ಜಾಸ್ತಿ. ತಳಿ ಬದಲಾದರೆ ಶಾಖ ತಡೆಯುವ ಶಕ್ತಿಯೂ ಬದಲಾಗುತ್ತದೆ. ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಉಸ್ಮಾನಾಬಾದಿ, ಮಲಬಾರಿ, ಸೇಲಂ ಬ್ಲ್ಯಾಕ್ ಮೇಕೆಗಳನ್ನು ಬಿಸಿಯಲ್ಲಿಟ್ಟು ಹೋಲಿಸಿದಾಗ ಸೇಲಂ ಬ್ಲ್ಯಾಕ್ ಚೆನ್ನಾಗಿ ತಡೆದುಕೊಂಡಿತ್ತು. ತರಲೇಬೇಕೆಂದಿದ್ದರೆ ಮಾರುವವರ ಶೆಡ್ಡಿಗೆ ಏಪ್ರಿಲ್ ಮಧ್ಯಾಹ್ನ ಹೋಗಿ ನೋಡಿ. ಬೆಳಗ್ಗೆ ಎಲ್ಲ ಮೇಕೆಯೂ ಚೆನ್ನಾಗೇ ಕಾಣುತ್ತದೆ.