ಬಲಗಡೆ ಬೇಸಿಗೆ, ಎಡಗಡೆ ಚಳಿಗಾಲ

ಪ್ರಶ್ನೆ: ನಮ್ಮದು ಎಂಟು ವರ್ಷ ಹಳೆಯ ಸೆಡಾನ್. ಚಾಲಕರಿಗೂ ಪಕ್ಕದವರಿಗೂ ಬೇರೆ ಬೇರೆ ಉಷ್ಣತೆ ಇಟ್ಟುಕೊಳ್ಳಬಹುದಾದ ಎ.ಸಿ. ಇದೆ. ಏಪ್ರಿಲ್‌ನಿಂದ ನಾನು ಕೂರುವ ಬಲಗಡೆ ಬಿಸಿಗಾಳಿ ಬರುತ್ತಿದೆ. ಎಡಗಡೆ ಕೂರುವ ಅತ್ತೆಯವರು ಸೆರಗು ಹೊದ್ದುಕೊಳ್ಳುವಷ್ಟು ತಂಪು. ಎರಡು ಗ್ಯಾರೇಜ್‌ಗಳಲ್ಲಿ ಎರಡು ಸಲ ಗ್ಯಾಸ್ ಹಾಕಿಸಿದೆ, ಏನೂ ಬದಲಾಗಲಿಲ್ಲ. ಗಾಡಿ ಶುರು ಮಾಡಿದಾಗ ಡ್ಯಾಶ್‌ಬೋರ್ಡ್ ಒಳಗೆ ಟಿಕ್ ಟಿಕ್ ಸದ್ದು ಬರುತ್ತದೆ. ಬೆಳಿಗ್ಗೆ ಶಾಲೆಗೆ ಹೊರಟ ಮೊದಲ ಐದು ನಿಮಿಷ ಮಾತ್ರ ಎರಡೂ ಕಡೆ ಚೆನ್ನಾಗಿ ತಂಪಿರುತ್ತದೆ. ಈಗ ಕಂಪ್ರೆಸರ್ ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ?
– ಒಬ್ಬ ಶಿಕ್ಷಕಿ, ಕಲಬುರಗಿ

ಉತ್ತರ: ಬದಲಿಸಬೇಡಿ, ಅಮ್ಮ. ಎ.ಸಿ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಕಾರಿನಲ್ಲಿರುವುದು ಒಂದೇ. ನಿಮ್ಮ ಅತ್ತೆಯವರಿಗೆ ಚಳಿ ಹಿಡಿಸುವಷ್ಟು ಅದು ದುಡಿಯುತ್ತಿದೆ ಎಂದಮೇಲೆ ನಿಮ್ಮ ಪಾಲಿಗೆ ಮಾತ್ರ ಕೆಟ್ಟಿರಲು ಸಾಧ್ಯವಿಲ್ಲ. ನಿಮ್ಮ ಪತ್ರದಲ್ಲೇ ಉತ್ತರವಿದೆ: ಬೆಳಗಿನ ಆ ಐದು ನಿಮಿಷ. ಎರಡು ಗ್ಯಾರೇಜ್‌ಗಳವರೂ ಆ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ನಿಮ್ಮ ಹಣ ಉಳಿಯುತ್ತಿತ್ತು.

ಗಾಳಿ ಸಾಗುವ ದಾರಿ ಹೀಗಿದೆ. ಬ್ಲೋವರ್ ತಳ್ಳುವ ಗಾಳಿಯೆಲ್ಲ ಮೊದಲು ಕೂಲಿಂಗ್ ಕಾಯಿಲ್ ದಾಟಿ ತಂಪಾಗುತ್ತದೆ. ಅದರ ಹಿಂದೆ ಹೀಟರ್ ಕಾಯಿಲ್ ಇದೆ. ಅದರೊಳಗೆ ಎಂಜಿನ್ನಿನ ಬಿಸಿನೀರು ಸುಮಾರು 90 ಡಿಗ್ರಿಯಲ್ಲಿ ಹರಿಯುತ್ತಿರುತ್ತದೆ. ಎಷ್ಟು ಗಾಳಿ ಹೀಟರ್ ಮೂಲಕ ಹೋಗಬೇಕು, ಎಷ್ಟು ಅದನ್ನು ತಪ್ಪಿಸಿ ನೇರವಾಗಿ ಬರಬೇಕು ಎಂಬುದನ್ನು ನಡುವಿನ ಒಂದು ಪ್ಲಾಸ್ಟಿಕ್ ಬಾಗಿಲು ನಿರ್ಧರಿಸುತ್ತದೆ. ಗ್ಯಾರೇಜ್‌ನಲ್ಲಿ ಅದಕ್ಕೆ ಫ್ಲಾಪ್ ಎನ್ನುತ್ತೇವೆ. ನಿಮ್ಮ ಕಾರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಫ್ಲಾಪ್ ಇವೆ, ಒಂದೊಂದಕ್ಕೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೋಟಾರ್ ಇದೆ. ಬಲಗಡೆಯದು ಹೀಟರ್ ಕಡೆಗೆ ವಾಲಿ ನಿಂತುಬಿಟ್ಟಿದೆ. ಬೆಳಿಗ್ಗೆ ಎಂಜಿನ್ ನೀರು ತಣ್ಣಗಿರುವುದರಿಂದ ಹೀಟರ್ ದಾಟಿ ಬಂದ ಗಾಳಿಯೂ ತಂಪಾಗಿಯೇ ಇರುತ್ತದೆ. ನೀರು ಕಾದಂತೆ ನಿಮ್ಮ ಕಡೆ ಬಿಸಿ ಏರುತ್ತದೆ. ಆ ಟಿಕ್ ಟಿಕ್ ಸದ್ದು ಮೋಟಾರಿನೊಳಗೆ ಹಲ್ಲು ಮುರಿದ ಪ್ಲಾಸ್ಟಿಕ್ ಗೇರ್ ಜಾರುತ್ತಿರುವ ಸದ್ದು.

ಗ್ಯಾಸ್ ಕಡಿಮೆಯಾದಾಗಲೂ ಒಂದು ಕಡೆ ತಂಪು, ಇನ್ನೊಂದು ಕಡೆ ಸಪ್ಪೆ ಆಗುವುದುಂಟು. ಹಾಗಾಗಿಯೇ ಮೆಕ್ಯಾನಿಕ್‌ಗಳು ತಕ್ಷಣ ಸಿಲಿಂಡರ್‌ಗೆ ಕೈಹಾಕುತ್ತಾರೆ. ದ್ರವರೂಪದ ಗ್ಯಾಸ್ ಕೂಲಿಂಗ್ ಕಾಯಿಲ್‌ನ ಒಂದು ತುದಿಯಿಂದ ಒಳಹೊಕ್ಕು, ಕುದಿದು ಆವಿಯಾಗುತ್ತಾ ಸುತ್ತಲಿನ ಶಾಖವನ್ನು ಹೀರುತ್ತದೆ. ಪ್ರಮಾಣ ಕಡಿಮೆಯಿದ್ದರೆ ಕಾಯಿಲ್‌ನ ಮೊದಲ ಭಾಗದಲ್ಲೇ ಎಲ್ಲವೂ ಕುದಿದು ಮುಗಿಯುತ್ತದೆ. ಕಾಲುವೆಯಲ್ಲಿ ನೀರು ಕಡಿಮೆಯಾದ ವರ್ಷ ಮೇಲಿನ ಗದ್ದೆಗಳಿಗೆ ಸಿಕ್ಕಿ ಕೊನೆಯ ಗದ್ದೆಗೆ ತಲುಪುವುದಿಲ್ಲವಲ್ಲ, ನಮ್ಮ ದಾವಣಗೆರೆ ಕಡೆಯ ಭತ್ತದ ರೈತರಿಗೆ ನಾನು ಹಾಗೆಯೇ ಬಿಡಿಸಿ ಹೇಳುವುದು. ಆದರೆ ಗ್ಯಾಸ್ ಕಡಿಮೆಯಿರುವ ಕಾರಿನಲ್ಲಿ ವ್ಯತ್ಯಾಸ ಮೊದಲ ನಿಮಿಷದಿಂದಲೇ ಇರುತ್ತದೆ, ಎಂಜಿನ್ ಕಾಯುವವರೆಗೆ ತಡೆದುಕೊಂಡಿರುವುದಿಲ್ಲ. ನಿಮ್ಮದಕ್ಕೂ ಅದಕ್ಕೂ ಇರುವ ಅಂತರ ಇದೇ.

ನೀವೇ ಖಚಿತಪಡಿಸಿಕೊಳ್ಳಬಹುದು. ಅಡುಗೆಮನೆಯಲ್ಲಿ ಬಳಸುವ ಕಡ್ಡಿಯಂಥ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕೊಳ್ಳಿ. ರಾತ್ರಿಯೆಲ್ಲ ನಿಂತು ತಣ್ಣಗಾದ ಕಾರನ್ನು ಬೆಳಿಗ್ಗೆ ನೆರಳಲ್ಲಿ ಬಯಲಿನಲ್ಲಿಯೇ ಶುರು ಮಾಡಿ, ಮುಚ್ಚಿದ ಶೆಡ್ಡಿನೊಳಗೆ ಬೇಡ. ಎರಡೂ ಕಡೆ ಉಷ್ಣತೆಯನ್ನು ತೀರ ಕಡಿಮೆಗೆ ಇಟ್ಟು, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ, ಬ್ಲೋವರ್ ಮಧ್ಯಮದಲ್ಲಿಡಿ. ಮುಂದಿನ ನಾಲ್ಕೂ ಗಾಳಿಕಿಂಡಿಗಳ ಉಷ್ಣತೆಯನ್ನು ಮೂರನೆಯ ನಿಮಿಷದಲ್ಲಿ ಒಮ್ಮೆ, ಎಂಜಿನ್ ಪೂರ್ತಿ ಕಾದ ಮೇಲೆ ಇನ್ನೊಮ್ಮೆ ಅಳೆದು ಬರೆದಿಡಿ. ಸರಿಯಿರುವ ಎ.ಸಿ.ಯಲ್ಲಿ 5ರಿಂದ 10 ಡಿಗ್ರಿ ಬರುತ್ತದೆ. ನಿಮ್ಮೂರಿನ ಮೇ ತಿಂಗಳ ಮಧ್ಯಾಹ್ನ ಅದಕ್ಕಿಂತ ಕೆಲವು ಡಿಗ್ರಿ ಹೆಚ್ಚಿದ್ದರೆ ಗಾಬರಿಯಾಗಬೇಡಿ. ಕಿಂಡಿಯಿಂದ ಕಿಂಡಿಗೆ ಎರಡು ಮೂರು ಡಿಗ್ರಿ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ. ಎರಡನೆಯ ಸಲ ಬಲಗಡೆ ಮಾತ್ರ 25, 30ಕ್ಕೆ ಏರಿದರೆ ಆ ಚೀಟಿಯನ್ನೇ ಮೆಕ್ಯಾನಿಕ್ ಮುಂದೆ ಹಿಡಿಯಿರಿ. ಬಾಯಿಮಾತಿಗೆ ಸಿಗದ ಗಮನ ಅಂಕಿಗಳಿಗೆ ಸಿಗುತ್ತದೆ.

ಇನ್ನು ದುರಸ್ತಿ. ಮೊದಲು ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿ ಫ್ಲಾಪ್ ಮೋಟಾರಿನ ದೋಷಸಂಖ್ಯೆ ಇದೆಯೇ ನೋಡಲು ಹೇಳಿ. ಬ್ಯಾಟರಿ ತೆಗೆದು ಹಾಕಿದ ಮೇಲೆ ಕೆಲವು ಕಾರುಗಳಲ್ಲಿ ಮೋಟಾರ್ ಫ್ಲಾಪನ್ನು ಎಲ್ಲಿಂದ ಎಲ್ಲಿಯವರೆಗೆ ತಿರುಗಿಸಬೇಕು ಎಂಬುದನ್ನು ಮರೆಯುತ್ತದೆ. ಹಾಗಾಗಿದ್ದರೆ ಮತ್ತೆ ಕಲಿಸಿದರೆ ಸಾಕು, ಬಿಡಿಭಾಗವೇ ಬೇಕಾಗುವುದಿಲ್ಲ. ಹಲ್ಲು ಮುರಿದಿದ್ದರೆ ಮೋಟಾರ್ ಬದಲಿಸಬೇಕು. ಅನೇಕ ಕಾರುಗಳಲ್ಲಿ ಅದು ಎರಡು ಮೂರು ಸ್ಕ್ರೂಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೇ ಕೂತಿರುತ್ತದೆ, ಕೆಲವದರಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚದೆ ಕೈ ಹೋಗುವುದಿಲ್ಲ. ಕೂಲಿಯಲ್ಲಿ ಭಾರಿ ವ್ಯತ್ಯಾಸ ಬರುವುದು ಇಲ್ಲಿಯೇ, ಮೊದಲೇ ಕೇಳಿಕೊಳ್ಳಿ. ಹಳೆಯ ಮೋಟಾರ್ ಕಳಚಿದ ಕೂಡಲೇ ಫ್ಲಾಪ್ ಅನ್ನು ಬೆರಳಿನಿಂದ ತಿರುಗಿಸಿ ನೋಡಲು ಒತ್ತಾಯಿಸಿ. ಅದು ಬಿಗಿಯಾಗಿದ್ದರೆ ಹೊಸ ಮೋಟಾರೂ ಹಲ್ಲು ಮುರಿದುಕೊಳ್ಳುತ್ತದೆ. ನನ್ನ ಕೈಗೆ ಬಂದ ಒಂದು ಕಾರಿನಲ್ಲಿ ವರ್ಷದೊಳಗೆ ಎರಡು ಮೋಟಾರ್ ಹೋಗಿದ್ದವು. ಫ್ಲಾಪಿನ ಸಂದಿಯಲ್ಲಿ ಇಲಿ ತಂದಿಟ್ಟ ಅಡಿಕೆ ಸಿಪ್ಪೆ ಸಿಕ್ಕಿಕೊಂಡಿತ್ತು.

ಇನ್ನೊಂದು ಕೆಲಸವನ್ನು ಮರೆಯಬೇಡಿ. ಕಡಿಮೆಯೇ ಆಗಿರದ ವ್ಯವಸ್ಥೆಗೆ ಎರಡು ಸಲ ಗ್ಯಾಸ್ ಹಾಕಿದ್ದಾರೆ. ಹೆಚ್ಚಾದ ಗ್ಯಾಸ್ ಒತ್ತಡ ಏರಿಸಿ ತಂಪನ್ನು ಕುಗ್ಗಿಸುತ್ತದೆ, ಈಗ ಚೆನ್ನಾಗಿರುವ ಕಂಪ್ರೆಸರನ್ನೂ ನಿಜವಾಗಿಯೇ ಕೊಲ್ಲುತ್ತದೆ. ಬಾನೆಟ್ ಕೆಳಗಿನ ಚೀಟಿಯಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಯಂತ್ರದಿಂದ ಹಳೆಯ ಗ್ಯಾಸ್ ಹೊರತೆಗೆದು, ಅರ್ಧ ಗಂಟೆ ವ್ಯಾಕ್ಯೂಮ್ ಮಾಡಿ (ಕೊಳವೆಗಳೊಳಗಿನ ಗಾಳಿ, ತೇವವನ್ನು ಎಳೆದು ತೆಗೆದು), ತೂಕ ಹಾಕಿ ಅಷ್ಟೇ ತುಂಬುವವರ ಬಳಿ ಹೋಗಿ. ಗೇಜ್ ನೋಡಿ ಅಂದಾಜಿಗೆ ತುಂಬುವವರ ಬಳಿ ಬೇಡ. ಹಳೆಯದನ್ನು ಗಾಳಿಗೆ ಬಿಡಲೂ ಬಿಡಬೇಡಿ. ಕಾರಿನ ಎ.ಸಿ.ಗಳಲ್ಲಿ ಬಳಸುವ ಆರ್-134ಎ ಗ್ಯಾಸ್ ಅರ್ಧ ಕಿಲೋ ಹೊರಬಿಟ್ಟರೆ, ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 700 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ. ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ವರ್ಷಗಟ್ಟಲೆಯಲ್ಲಿ ಹೋಸ್ ಮತ್ತು ಸೀಲುಗಳಿಂದ ತುಸು ಜಿನುಗುವುದು ಸಹಜ, ಪ್ರತಿ ಬೇಸಿಗೆಯಲ್ಲೂ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ನಾನೂ ಹಿಂದೆ ಈ ತಪ್ಪು ಮಾಡಿದ್ದೇನೆ. ಕೆಲಸ ಕಲಿತ ಹೊಸತರಲ್ಲಿ ಒಬ್ಬ ನಿವೃತ್ತ ಗುಮಾಸ್ತರ ಕಾರಿಗೆ ಎರಡು ಸಲ ಗ್ಯಾಸ್ ತುಂಬಿದ ಮೇಲೆ, ಬಿಸಿ-ತಂಪು ಹೊಂದಿಸುವ ಹೀಟರಿನ ಕೇಬಲ್ ಕ್ಲಿಪ್ಪಿನಿಂದ ಜಾರಿದ್ದನ್ನು ಕಂಡೆ. ಹಣ ಹಿಂದಿರುಗಿಸಿದೆ. ಅಂದಿನಿಂದ ಮೊದಲು ಅಳೆಯದೆ ಸಿಲಿಂಡರ್ ಮುಟ್ಟಿಲ್ಲ.

ಪ್ರಶ್ನೆ: ನಮ್ಮಲ್ಲಿ ತೊಂದರೆ ಹೀಟರಿನದು. ಮುಂಜಾನೆ ತೋಟಕ್ಕೆ ಹೊರಟರೆ ಒಂದು ಕಡೆ ಬೆಚ್ಚಗಿದೆ, ಇನ್ನೊಂದು ಕಡೆ ಉಗುರುಬೆಚ್ಚಗೂ ಇಲ್ಲ. ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಇಳಿದಾಗೆಲ್ಲ ಮನೆಯ ನಲ್ಲಿ ನೀರು ಹಾಕುತ್ತಾ ಬಂದಿದ್ದೇನೆ.
– ಕಾಫಿ ಬೆಳೆಗಾರರು, ಮಡಿಕೇರಿ

ಉತ್ತರ: ಕೂಲಂಟ್ ಯಾಕೆ ಇಳಿಯುತ್ತಿದೆ ಎಂಬ ಪ್ರಶ್ನೆಯೇ ಮೊದಲಿನದು. ಸೋರಿಕೆ ಹುಡುಕಿಸಿ. ಕಾರಿನೊಳಗೆ ಸಿಹಿ ವಾಸನೆ, ಮುಂದಿನ ಗಾಜಿನ ಒಳಮೈಗೆ ಜಿಡ್ಡು, ಕಾಲ ಬಳಿಯ ಚಾಪೆ ಒದ್ದೆ, ಇವುಗಳಲ್ಲಿ ಯಾವುದು ಕಂಡರೂ ಹೀಟರ್ ಕಾಯಿಲ್ ಸೋರುತ್ತಿದೆ. ಆಗ ತೊಳೆಸಿ ಪ್ರಯೋಜನವಿಲ್ಲ, ಬದಲಿಸಲೇಬೇಕು.

ಹಾಗೇನೂ ಇಲ್ಲದಿದ್ದರೆ ಎಂಜಿನ್ ಕಾದ ಮೇಲೆ ಆಫ್ ಮಾಡಿ, ಹೀಟರಿಗೆ ಹೋಗುವ ಮತ್ತು ಅಲ್ಲಿಂದ ಬರುವ ಎರಡು ಹೋಸ್‌ಗಳ ಹತ್ತಿರ ಕೈ ಒಯ್ದು ನೋಡಿ. ಬಿಸಿಯಿರುತ್ತದೆ, ಗಟ್ಟಿಯಾಗಿ ಹಿಡಿಯಬೇಡಿ. ಎರಡೂ ಒಂದೇ ಸಮ ಬಿಸಿಯಿದ್ದರೆ ನೀರು ಹರಿಯುತ್ತಿದೆ, ಅನುಮಾನ ಮೇಲೆ ಹೇಳಿದ ಫ್ಲಾಪಿನ ಕಡೆಗೆ ತಿರುಗಬೇಕು. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಕಾಯಿಲ್ ಕಟ್ಟಿಕೊಂಡಿದೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ. ನಲ್ಲಿ ನೀರಿನ ಉಪ್ಪು ಮತ್ತು ಅದು ತರುವ ತುಕ್ಕು ಕಾಯಿಲ್‌ನ ಸಣ್ಣ ಕೊಳವೆಗಳಲ್ಲಿ ಕೂರುತ್ತವೆ. ಅರ್ಧ ಮುಚ್ಚಿದ ಕಾಯಿಲ್ ಒಂದು ಬದಿಯನ್ನಷ್ಟೇ ಕಾಯಿಸುತ್ತದೆ.

ಎರಡೂ ಹೋಸ್ ಬಿಚ್ಚಿ, ನೀರು ಹರಿಯುವ ದಿಕ್ಕಿಗೆ ಎದುರಾಗಿ ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟು, ತಿಳಿಯಾಗಿ ಬರುವವರೆಗೆ ತೊಳೆಸಿ. ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನ ಒತ್ತಡವನ್ನು ಒಳಗೆ ಬಿಡಲು ಯಾರಿಗೂ ಅವಕಾಶ ಕೊಡಬೇಡಿ, ಹಳೆಯ ಕಾಯಿಲ್ ಒಡೆದುಹೋಗುತ್ತದೆ. ಆಮೇಲೆ ಕಾರಿನ ಕೈಪಿಡಿ ಹೇಳುವ ಕೂಲಂಟನ್ನೇ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿಸಿ. ಗಾಳಿ ಹೊರಹೋಗಲು ನಿಮ್ಮೂರಿನ ಏರುರಸ್ತೆಯೇ ನೆರವಾಗುತ್ತದೆ: ಮೂತಿ ಮೇಲಾಗಿರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿ. ಕಾದಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಅದರಿಂದ ಮುಖ ಸುಟ್ಟುಕೊಂಡ ಹುಡುಗನೊಬ್ಬನನ್ನು ನಾನೇ ಆಸ್ಪತ್ರೆಗೆ ಒಯ್ದಿದ್ದೇನೆ.

ಪ್ರಶ್ನೆ: ಸಣ್ಣ ಕಾರು, ಹಿಂದೆ ಗಾಳಿಕಿಂಡಿ ಇಲ್ಲ. ಮುಂದೆ ನಾವು ನಡುಗುತ್ತೇವೆ, ಹಿಂದೆ ಮಕ್ಕಳು ಬೆವರುತ್ತಾರೆ.
– ತಂದೆ, ಬೆಂಗಳೂರು

ಉತ್ತರ: ಗ್ಲೋವ್‌ಬಾಕ್ಸ್ ಹಿಂದಿರುವ, ಒಳಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಹೊಸದು ಹಾಕಿ. ನಡುವಿನ ಎರಡು ಕಿಂಡಿಗಳನ್ನು ನಿಮ್ಮ ಮುಖಕ್ಕಲ್ಲ, ಎರಡು ಸೀಟುಗಳ ನಡುವಿನಿಂದ ಮೇಲ್ಛಾವಣಿಯ ಕಡೆಗೆ ತಿರುಗಿಸಿ. ತಂಪುಗಾಳಿ ಭಾರ, ಹಿಂದೆ ಹೋಗಿ ಮಕ್ಕಳ ಮೇಲೆ ಇಳಿಯುತ್ತದೆ. ಉಷ್ಣತೆಯನ್ನು ಇನ್ನೂ ಇಳಿಸುವ ಬದಲು ಬ್ಲೋವರನ್ನು ಒಂದು ಹಂತ ಏರಿಸಿ. ಸಿಗ್ನಲ್‌ನಲ್ಲಿ ನಿಂತಾಗ ಮುಂದೂ ಹಿಂದೂ ಒಟ್ಟಿಗೇ ಬಿಸಿಯಾಗುತ್ತಿದ್ದರೆ ಅದು ಬೇರೆಯದೇ ತೊಂದರೆ. ಎ.ಸಿ.ಯ ಶಾಖ ಹೊರಹಾಕುವ ಕಂಡೆನ್ಸರಿನ ಫ್ಯಾನ್ ತಿರುಗುತ್ತಿದೆಯೇ ಎಂದು ಬಾನೆಟ್ ಎತ್ತಿ ನೋಡಿ, ಕೈ ಮತ್ತು ಮಕ್ಕಳನ್ನು ದೂರವಿಟ್ಟು.