ಟ್ಯಾಬ್ 2 ಅಂತ ಇಟ್ಟರೂ 4 ಯಾಕೆ ಬರುತ್ತದೆ?

ಪ್ರಶ್ನೆ: ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಟ್ಯಾಬ್ ಸೈಜ್ 2 ಅಂತ ಇಟ್ಟಿದ್ದೇನೆ. ಆದರೂ ಕೆಲವು ಫೈಲ್‌ಗಳಲ್ಲಿ 4 ಸ್ಪೇಸ್ ಬರುತ್ತದೆ. ಸಹೋದ್ಯೋಗಿಯೊಬ್ಬರು ತಮ್ಮ ಸೆಟ್ಟಿಂಗ್ಸ್ ಫೈಲ್ ಕೊಟ್ಟಿದ್ದಾರೆ. ಅದನ್ನೇ ಪೂರ್ತಿ ಹಾಕಿಕೊಂಡರೆ ಸರಿಹೋಗುತ್ತದಾ?

ಉತ್ತರ: ನೀವು ಇಟ್ಟದ್ದು ಸರಿಯಾಗಿಯೇ ಇದೆ. 'ಡಿಟೆಕ್ಟ್ ಇಂಡೆಂಟೇಶನ್' (ಸಾಲಿನ ಮೊದಲಿಗೆ ಬಿಡುವ ಜಾಗ, ಅಂದರೆ ಇಂಡೆಂಟ್ ಎಷ್ಟು ಅಂತ ಪತ್ತೆ ಮಾಡುವುದು) ಅಂತ ಇನ್ನೊಂದು ಸೆಟ್ಟಿಂಗ್ ಇದೆ, ಮೊದಲಿಂದಲೂ ಆನ್ ಇರುತ್ತದೆ. ಫೈಲ್ ತೆರೆದ ಕೂಡಲೇ ಅದು ಒಳಗಿನ ಸಾಲುಗಳನ್ನು ನೋಡುತ್ತದೆ. ಅಲ್ಲಿ 4 ಸ್ಪೇಸ್ ಕಂಡರೆ ಆ ಫೈಲ್‌ಗೆ 4 ಅನ್ನೇ ಹಿಡಿಯುತ್ತದೆ. ಹೊಸ ಖಾಲಿ ಫೈಲ್ ತೆರೆದು ನೋಡಿ, ನಿಮ್ಮ 2 ಬಂದಿರುತ್ತದೆ. ಪರದೆಯ ಕೆಳಗೆ ಬಲಗಡೆ 'ಸ್ಪೇಸಸ್: 4' ಅಂತ ಕಾಣುವುದು ಇದೇ.

ಈ ಡಿಟೆಕ್ಟ್ ಸೆಟ್ಟಿಂಗನ್ನು ಆಫ್ ಮಾಡಬಹುದು. ಆದರೆ ನಾನು ಬೇಡ ಅನ್ನುತ್ತೇನೆ. ಬೇರೆಯವರು 4 ಸ್ಪೇಸ್‌ನಲ್ಲಿ ಬರೆದ ಪೈಥಾನ್ ಫಂಕ್ಷನ್ ಒಳಗೆ ನೀವು 2 ಸ್ಪೇಸ್ ಕೊಟ್ಟು ಒಂದು ಸಾಲು ಸೇರಿಸಿದಿರಿ ಅಂದುಕೊಳ್ಳಿ. ಪ್ರೋಗ್ರಾಂ ಓಡುವುದೇ ಇಲ್ಲ, ಇಂಡೆಂಟೇಶನ್ ಎರರ್ ಬರುತ್ತದೆ. ಆ ಫೈಲ್‌ಗೆ 4 ಇರುವುದೇ ಸರಿ, ಅಲ್ವಾ?

ಡಿಟೆಕ್ಟ್ ಆಫ್ ಇದ್ದರೂ 4 ಬರುತ್ತಿದ್ದರೆ ಪ್ರಾಜೆಕ್ಟ್ ಕಡೆ ನೋಡಿ. ಡಿಫಾಲ್ಟ್ ಮೇಲೆ ನಿಮ್ಮ ಯೂಸರ್ ಸೆಟ್ಟಿಂಗ್, ಅದರ ಮೇಲೆ ವರ್ಕ್‌ಸ್ಪೇಸ್ (ಆ ಪ್ರಾಜೆಕ್ಟಿಗೆ ಮಾತ್ರ ಇರುವ) ಸೆಟ್ಟಿಂಗ್ ನಡೆಯುತ್ತದೆ. ಪೈಥಾನ್‌ನಂಥ ಒಂದು ಪ್ರೋಗ್ರಾಮಿಂಗ್ ಭಾಷೆಗೆ ಅಂತಲೇ ಬೇರೆ ಬರೆದಿದ್ದರೆ ಅದರ ಮಾತೇ ಕೊನೆ. ಅದು ಯೂಸರ್ ಫೈಲ್‌ನಲ್ಲಿದ್ದರೂ ವರ್ಕ್‌ಸ್ಪೇಸಿನ ಸಾಮಾನ್ಯ ಸೆಟ್ಟಿಂಗನ್ನು ಮೀರುತ್ತದೆ. ಇಲ್ಲಿ ಎಡವುವವರು ಜಾಸ್ತಿ.

ಇನ್ನು ಸಹೋದ್ಯೋಗಿಯ ಫೈಲ್. ದಯವಿಟ್ಟು ಪೂರ್ತಿ ಹಾಕಿಕೊಳ್ಳಬೇಡಿ. ಅದರಲ್ಲಿ 'ಫಾರ್ಮ್ಯಾಟ್ ಆನ್ ಸೇವ್' (ಸೇವ್ ಮಾಡಿದಾಗ ಕೋಡನ್ನು ತಾನೇ ಜೋಡಿಸುವುದು) ಆನ್ ಇರಬಹುದು. ಡಿಫಾಲ್ಟ್‌ನಲ್ಲಿ ಅದು ಆಫ್. ನೀವು ಹಳೇ ಫೈಲ್‌ನಲ್ಲಿ ಒಂದೇ ಸಾಲು ತಿದ್ದಿ ಸೇವ್ ಕೊಡುತ್ತೀರಿ, ಫೈಲ್ ಪೂರ್ತಿ ಹೊಸದಾಗಿ ಜೋಡಣೆಯಾಗುತ್ತದೆ. ಬದಲಾದ ಸಾಲುಗಳನ್ನು ತೋರಿಸುವ ಗಿಟ್ ಡಿಫ್ ತುಂಬ ಕೆಂಪು, ಹಸಿರು. ನೀವು ನಿಜವಾಗಿ ತಿದ್ದಿದ ಸಾಲು ಯಾವುದು ಅಂತ ರಿವ್ಯೂ ಮಾಡುವವರು ಹುಡುಕುತ್ತಾ ಕೂರಬೇಕು. ಪ್ರಯತ್ನಿಸಿ ನೋಡಲೇಬೇಕು ಅಂದರೆ ಬೇರೆ ಪ್ರೊಫೈಲ್ (ಸೆಟ್ಟಿಂಗ್‌ಗಳ ಪ್ರತ್ಯೇಕ ಕಟ್ಟು) ಮಾಡಿ ಅಲ್ಲಿ ಹಾಕಿ. ನಿಮ್ಮದು ಹಾಗೇ ಉಳಿಯುತ್ತದೆ.

ನೀವೇ ಈವರೆಗೆ ಏನೇನು ಬದಲಿಸಿದ್ದೀರಿ ಅಂತ ನೋಡಲು, ಸೆಟ್ಟಿಂಗ್ಸ್ ಹುಡುಕುವ ಜಾಗದಲ್ಲಿ ಅಟ್ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ಇಂಗ್ಲಿಷ್‌ನಲ್ಲಿ 'ಮಾಡಿಫೈಡ್' (@modified) ಅಂತ ಟೈಪ್ ಮಾಡಿ. ಯಾಕೆ ಬದಲಿಸಿದಿರಿ ಅಂತ ನೆನಪಾಗದ್ದನ್ನು ಪಕ್ಕದ ಗಿಯರ್ ಒತ್ತಿ ರೀಸೆಟ್ ಮಾಡಿಬಿಡಿ.

ನಿಮ್ಮ ತೊಂದರೆಗೆ ನಾನು ಬದಲಿಸಿ ಅನ್ನುವುದು ಒಂದನ್ನೇ: 'ರೆಂಡರ್ ವೈಟ್‌ಸ್ಪೇಸ್' ಅನ್ನು 'ಆಲ್' ಮಾಡಿ. ಸ್ಪೇಸ್ ಚುಕ್ಕಿಯಾಗಿ, ಟ್ಯಾಬ್ ಬಾಣವಾಗಿ ಕಾಣುತ್ತದೆ. ವೈಎಎಂಎಲ್ (YAML, ಕಾನ್ಫಿಗರೇಶನ್ ಬರೆಯಲು ಬಳಸುವ) ಫೈಲ್‌ನ ಇಂಡೆಂಟ್‌ನಲ್ಲಿ ಬಾಣ ಕಂಡರೆ ಅದು ತಪ್ಪು. ಪ್ರೋಗ್ರಾಂ ಬಿಲ್ಡ್ ಮಾಡುವ ಕಮಾಂಡ್‌ಗಳಿರುವ ಮೇಕ್‌ಫೈಲ್‌ನ ಕಮಾಂಡ್ ಸಾಲಿನ ಮೊದಲಿಗೆ ಬಾಣ ಇರಲೇಬೇಕು.